ರೊನಾಲ್ಡೊ ಹೇಳಿದ್ದು ನಿಜಾನೇ, ಆದ್ರೆ ಹೇಳಿದ್ದು ಯಾಕೆ? ಸ್ಟಾರ್ ಆಟಗಾರ ಮಾಲೀಕರ ಮೇಲೆ ತಿರುಗಿಬಿದ್ದಾಗ

ಇವತ್ತಿನ ಎಪಿಸೋಡ್ ಶುರು ಮಾಡೋಕೆ ನಿಮ್ಮನ್ನ 2022ರ ನವೆಂಬರ್ 13ಕ್ಕೆ ಕರ್ಕೊಂಡು ಹೋಗ್ತೀನಿ. ಭಾನುವಾರ ರಾತ್ರಿ, ನಮ್ಮ ಟೈಮ್ ಹತ್ತು ಗಂಟೆಗೆ ಮ್ಯಾಂಚೆಸ್ಟರ್ ಯುನೈಟೆಡ್, ಫುಲ್ಹಮ್ ಮ್ಯಾಚ್. ಕೊನೇ ಗಳಿಗೆಯಲ್ಲಿ ಗರ್ನಾಚೊ ಗೋಲ್ ಹೊಡೆದ, ಯುನೈಟೆಡ್ 2-1ರಿಂದ ಗೆದ್ದಿತು. ಹದಿನೆಂಟರ ಹುಡುಗ, ರೊನಾಲ್ಡೊನ ಆರಾಧಿಸಿಕೊಂಡು ಬೆಳೆದವನು. ವಿಶ್ವಕಪ್‌ಗೆ ಮುಂಚಿನ ಕೊನೇ ಪಂದ್ಯ, ಖುಷಿಯಾಗಿ ಮಲಗಿದೆವು. ಬೆಳಿಗ್ಗೆ ಎದ್ದು ಫೋನ್ ತೆಗೆದ್ರೆ ನಮ್ಮ ಫುಟ್ಬಾಲ್ ಗ್ರೂಪ್‌ನಲ್ಲಿ ಗರ್ನಾಚೊ ಹೆಸರೇ ಇಲ್ಲ. ಎಲ್ಲಾ ರೊನಾಲ್ಡೊನೇ.

ಆ ರಾತ್ರಿ ಪಿಯರ್ಸ್ ಮಾರ್ಗನ್ ಜೊತೆಗಿನ ಸಂದರ್ಶನದ ತುಣುಕುಗಳು ಹೊರಬಂದಿದ್ದವು. ಕ್ಲಬ್ ತನಗೆ ದ್ರೋಹ ಮಾಡಿದೆ, ಕೋಚ್ ಎರಿಕ್ ಟೆನ್ ಹಾಗ್ ಬಗ್ಗೆ ತನಗೆ ಗೌರವ ಇಲ್ಲ, ಮಾಲೀಕರಾದ ಗ್ಲೇಜರ್ ಕುಟುಂಬಕ್ಕೆ ಆಟದ ಬಗ್ಗೆ ಕಾಳಜಿಯೇ ಇಲ್ಲ, ಅವರಿಗೆ ಇದು ದುಡ್ಡು ತರೋ ಮಾರ್ಕೆಟಿಂಗ್ ಕ್ಲಬ್ ಅಷ್ಟೇ, ತಾನು 2009ರಲ್ಲಿ ಬಿಟ್ಟುಹೋದಾಗ ಇದ್ದ ಈಜುಕೊಳ, ಜಿಮ್, ಅಡುಗೆಮನೆ ಎಲ್ಲಾ ಹಾಗೇ ಇವೆ... ಇದು ಸಾರಾಂಶ.

ಗ್ರೂಪ್ ಎರಡು ಭಾಗವಾಯ್ತು. ಒಬ್ಬ ಬರೆದ: ‘ಹದಿನೇಳು ವರ್ಷದಿಂದ ನಾವು ಹೇಳ್ತಾ ಇರೋದನ್ನೇ ಅವನು ಹೇಳಿದ್ದಾನೆ, ತಪ್ಪೇನಿದೆ ಮಾರಾಯ?’ ಇನ್ನೊಬ್ಬ: ‘ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ.’ ಇಬ್ಬರೂ ಯುನೈಟೆಡ್ ಫ್ಯಾನ್ಸೇ. ಇಬ್ಬರಿಗೂ ಗ್ಲೇಜರ್‌ಗಳನ್ನ ಕಂಡ್ರೆ ಆಗಲ್ಲ. ಆದ್ರೂ ಜಗಳ. ಯಾಕೆ ಅಂತ ಬಿಡಿಸಿ ನೋಡೋಣ, ಯಾಕಂದ್ರೆ ಈ ಜಗಳ ರೊನಾಲ್ಡೊಗಿಂತ ಹಳೇದು.

ಮೊದಲು ಗ್ಲೇಜರ್ ವಿಷಯ. 2005ರಲ್ಲಿ ಅಮೆರಿಕದ ಮಾಲ್ಕಮ್ ಗ್ಲೇಜರ್ ಸುಮಾರು 79 ಕೋಟಿ ಪೌಂಡ್‌ಗೆ ಕ್ಲಬ್ ಕೊಂಡರು. ಕೊಂಡಿದ್ದು ಹೇಗೆ ಅನ್ನೋದೇ ಮುಖ್ಯ. ಒಂದು ಉದಾಹರಣೆ ಕೊಡ್ತೀನಿ. ನಿಮ್ಮ ಬೀದಿಯಲ್ಲಿ ಚೆನ್ನಾಗಿ ನಡೀತಿರೋ ಒಂದು ಹಳೇ ಹೋಟೆಲ್ ಇದೆ, ಒಂದು ರೂಪಾಯಿ ಸಾಲ ಇಲ್ಲ. ಒಬ್ಬರು ಬಂದು ಅದನ್ನ ಕೊಳ್ತಾರೆ, ಆದ್ರೆ ಬಹುಪಾಲು ಸಾಲದ ದುಡ್ಡಲ್ಲಿ. ಆ ಸಾಲದ ದೊಡ್ಡ ಭಾಗವನ್ನ ಹೋಟೆಲ್ ಲೆಕ್ಕಕ್ಕೇ ಬರೆಸ್ತಾರೆ. ಇನ್ಮೇಲೆ ನೀವು ತಿನ್ನೋ ಪ್ರತಿ ಇಡ್ಲಿ ದುಡ್ಡಲ್ಲಿ ಒಂದಿಷ್ಟು ಬಡ್ಡಿಗೆ ಹೋಗುತ್ತೆ. ಹೋಟೆಲ್ ಕೊಂಡ ಸಾಲವನ್ನ ಹೋಟೆಲ್ಲೇ ತೀರಿಸ್ತಾ ಇರುತ್ತೆ. ಸಾಲವೇ ಇಲ್ಲದಿದ್ದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಒಂದೇ ದಿನದಲ್ಲಿ ನೂರಾರು ಮಿಲಿಯನ್ ಪೌಂಡ್ ಸಾಲ ಹತ್ತಿದ್ದು ಹೀಗೆ. ಇದು ಕಾನೂನುಬಾಹಿರ ಅಲ್ಲ, ಗಮನಿಸಿ. ಕಂಪನಿಗಳ ಲೋಕದಲ್ಲಿ ದಿನಾ ನಡೆಯೋದೇ. ಆದ್ರೆ ಅಪ್ಪನ ಕೈ ಹಿಡ್ಕೊಂಡು ಸ್ಟೇಡಿಯಂಗೆ ಹೋಗಿದ್ದ ಮ್ಯಾಂಚೆಸ್ಟರ್ ಜನಕ್ಕೆ ಅದು ಕಂಪನಿ ಆಗಿರಲಿಲ್ಲ. ಒಂದಷ್ಟು ಜನ ಅದೇ ವರ್ಷ ಕ್ಲಬ್‌ನ್ನೇ ಬಿಟ್ಟು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಮ್ಮದೇ ಕ್ಲಬ್ ಕಟ್ಟಿ, ಕೆಳಗಿನ ಲೀಗ್‌ನಿಂದ ಆಡೋಕೆ ಶುರು ಮಾಡಿದರು.

2010ರಲ್ಲಿ ಸ್ಟೇಡಿಯಂ ಪೂರ್ತಿ ಹಸಿರು-ಹಳದಿ ಸ್ಕಾರ್ಫ್. ನಮ್ಮ ಕನ್ನಡ ಬಾವುಟದ ಅರಿಶಿನ ನೆನಪಾಗಬಹುದು, ಆದ್ರೆ ಅದು 1878ರಲ್ಲಿ ಹುಟ್ಟಿದ ನ್ಯೂಟನ್ ಹೀತ್ ಕ್ಲಬ್‌ನ ಬಣ್ಣ, ಯುನೈಟೆಡ್‌ನ ಮೂಲ ಹೆಸರು. ಆ ಮಾರ್ಚ್‌ನಲ್ಲಿ ಎದುರಾಳಿ ಎಸಿ ಮಿಲಾನ್ ಜೆರ್ಸಿಯಲ್ಲಿ ಬಂದಿದ್ದ ಡೇವಿಡ್ ಬೆಕಮ್ ಪಂದ್ಯ ಮುಗಿದ ಮೇಲೆ ಒಂದು ಸ್ಕಾರ್ಫ್ ಎತ್ತಿ ಕೊರಳಿಗೆ ಹಾಕ್ಕೊಂಡ. ಅಭಿಮಾನಿಗಳು ಇವತ್ತಿಗೂ ಅದನ್ನ ನೆನೆಸ್ಕೊಳ್ತಾರೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ವೇಯ್ನ್ ರೂನಿ ಪ್ರಕರಣ. ಹಿಂದಿನ ವರ್ಷವಷ್ಟೇ ರೊನಾಲ್ಡೊನ 8 ಕೋಟಿ ಪೌಂಡ್‌ಗೆ ರಿಯಲ್ ಮ್ಯಾಡ್ರಿಡ್‌ಗೆ ಮಾರಿದ್ದರು, ಆಗಿನ ವಿಶ್ವದಾಖಲೆ. ಆ ಮಟ್ಟದ ಆಟಗಾರ ಯಾರೂ ಬಂದಿರಲಿಲ್ಲ. ಅಕ್ಟೋಬರ್ 20ಕ್ಕೆ ರೂನಿ ಬಹಿರಂಗ ಹೇಳಿಕೆ ಕೊಟ್ಟ: ದೊಡ್ಡ ಆಟಗಾರರನ್ನ ಕ್ಲಬ್ ಮುಂದೆಯೂ ಕರೆತರುತ್ತೆ ಅನ್ನೋ ಭರವಸೆ ಸಿಗಲಿಲ್ಲ, ಅದಕ್ಕೇ ಹೊಸ ಕರಾರಿಗೆ ಸಹಿ ಹಾಕಲ್ಲ. ಅಂದ್ರೆ, ಹಸಿರು-ಹಳದಿ ಸ್ಕಾರ್ಫಿನವರು ಕೇಳ್ತಿದ್ದ ಅದೇ ಪ್ರಶ್ನೆ: ದುಡ್ಡು ಎಲ್ಲಿ ಹೋಗ್ತಿದೆ?

ಕೋಚ್ ಅಲೆಕ್ಸ್ ಫರ್ಗ್ಯುಸನ್ ಉತ್ತರ ನಮ್ಮ ಹಳ್ಳಿ ಕಟ್ಟೆ ಮೇಲೆ ಕೂತು ಹೇಳಿದ ಹಾಗಿತ್ತು. ಪಕ್ಕದ ಹೊಲದಲ್ಲಿರೋ ಹಸು ನಮ್ಮ ಹಸುವಿಗಿಂತ ಚೆಂದ ಅನ್ನಿಸುತ್ತೆ, ಆದ್ರೆ ಅದು ಯಾವತ್ತೂ ಹಾಗಿರಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ಅದೇ. ಹೇಳಿಕೆಯಾಗಿ ಎರಡೇ ದಿನಕ್ಕೆ, ಅಕ್ಟೋಬರ್ 22ಕ್ಕೆ, ರೂನಿ ಐದು ವರ್ಷದ ಹೊಸ ಕರಾರಿಗೆ ಸಹಿ ಹಾಕಿದ. ಸಂಬಳ ಚೆನ್ನಾಗೇ ಏರಿತು.

ಈಗ ನೀವು ಆ ಅಭಿಮಾನಿ ಅಂತ ಅಂದುಕೊಳ್ಳಿ. ಬುಧವಾರ ನಿಮ್ಮ ಸ್ಟಾರ್ ನಿಮ್ಮ ಬಾಯಿಂದಲೇ ಮಾತು ಕಿತ್ತುಕೊಂಡ ಹಾಗೆ ಮಾತಾಡ್ತಾನೆ. ಶುಕ್ರವಾರ ಸಂಬಳ ಹೆಚ್ಚಿಸ್ಕೊಂಡು ನಗ್ತಾ ಫೋಟೋಗೆ ನಿಲ್ತಾನೆ. ಎರಡು ದಿನದಲ್ಲಿ ತಂಡಕ್ಕೆ ಯಾವ ಹೊಸ ಆಟಗಾರನೂ ಬಂದಿಲ್ಲ. ನಿಮ್ಮ ನೋವು ಅವನ ಚೌಕಾಸಿಗೆ ಬಂಡವಾಳ ಆಯ್ತು. ರೂನಿ ಕ್ಷಮೆ ಕೇಳಿದ, ಮುಂದೆ ಕ್ಲಬ್ ಇತಿಹಾಸದಲ್ಲೇ ಅತಿ ಹೆಚ್ಚು, 253 ಗೋಲ್ ಹೊಡೆದ. ಆದ್ರೂ ಆ ವಾರವನ್ನ ಹಳಬರು ಮರೆತಿಲ್ಲ.

ಅದಕ್ಕೇ 2022ರಲ್ಲಿ ರೊನಾಲ್ಡೊ ಬಾಯಿ ಬಿಟ್ಟಾಗ ಅರ್ಧ ಜನ ಚಪ್ಪಾಳೆ ತಟ್ಟಲಿಲ್ಲ. ತಮಾಷೆ ಅಂದ್ರೆ, ಅದೇ ಸಂದರ್ಶನದಲ್ಲಿ ಅವನು ರೂನಿಯನ್ನೂ ಬಿಡಲಿಲ್ಲ, ಅವನನ್ನೂ ಬೈದ.

ರೊನಾಲ್ಡೊ ಹಿನ್ನೆಲೆ ಗೊತ್ತಿರೋದೇ, ಬೇಗ ಹೇಳಿ ಮುಗಿಸ್ತೀನಿ. 2021ರಲ್ಲಿ ವಾಪಸ್ ಬಂದ, ಮೊದಲ ಸೀಸನ್‌ನಲ್ಲಿ ಎಲ್ಲಾ ಸೇರಿ 24 ಗೋಲ್. ತಂಡ ಮಾತ್ರ ಆರನೇ ಸ್ಥಾನ. ಟೆನ್ ಹಾಗ್ ಬಂದ ಮೇಲೆ ಬೆಂಚ್. ಅಕ್ಟೋಬರ್ 19ಕ್ಕೆ ಟಾಟನಮ್ ಪಂದ್ಯದಲ್ಲಿ ಬದಲಿಯಾಗಿ ಇಳಿಯೋಕೆ ಒಪ್ಪದೆ, ಪಂದ್ಯ ಮುಗಿಯೋ ಮುಂಚೆಯೇ ಎದ್ದುಹೋದ. ಮುಂದಿನ ಪಂದ್ಯಕ್ಕೆ ತಂಡದಿಂದ ಹೊರಗೆ. ಇದಾಗಿ ಒಂದು ತಿಂಗಳೊಳಗೆ ಸಂದರ್ಶನ. ಅಂದ್ರೆ ಮಾಲೀಕರ ಮೇಲಿನ ಸಿಟ್ಟು ಹೊರಬಂದಿದ್ದು ಬೆಂಚ್ ಮೇಲೆ ಕೂತ ಮೇಲೆ. ಗೋಲ್ ಹೊಡೀತಾ ಆಡ್ತಿದ್ದಾಗ ಈಜುಕೊಳ ಹಳೇದು ಅಂತ ಬಹಿರಂಗವಾಗಿ ಹೇಳಿರಲಿಲ್ಲ.

ಹಾಗಂತ ಅವನು ಹೇಳಿದ್ದು ಸುಳ್ಳಾ? ಅಲ್ಲ. ನನಗೆ ಇಲ್ಲೇ ನಮ್ಮ ಗ್ರೂಪಿನ ಇಬ್ಬರೂ ಎಡವಿದರು ಅನ್ಸುತ್ತೆ. ಒಬ್ಬ ‘ಹೇಳಿದ್ದು ನಿಜ, ಆದ್ದರಿಂದ ಅವನು ಒಳ್ಳೆಯವನು’ ಅಂದ. ಇನ್ನೊಬ್ಬ ‘ಅವನು ಸ್ವಾರ್ಥಿ, ಆದ್ದರಿಂದ ಹೇಳಿದ್ದು ಸುಳ್ಳು’ ಅಂದ. ಎರಡೂ ಬೇರೆ ಬೇರೆ ಲೆಕ್ಕ. ತರಬೇತಿ ಕೇಂದ್ರದ ಮಾತನ್ನೇ ತಗೊಳ್ಳಿ. 2024ರಲ್ಲಿ ಕ್ಲಬ್ ತಾನೇ ಕ್ಯಾರಿಂಗ್ಟನ್ ಕೇಂದ್ರದ ದುರಸ್ತಿಗೆ 5 ಕೋಟಿ ಪೌಂಡ್ ಖರ್ಚು ಮಾಡ್ತೀವಿ ಅಂತ ಘೋಷಿಸಿತು. ಎಲ್ಲಾ ಸರಿಯಾಗಿದ್ದಿದ್ರೆ ಅಷ್ಟು ದುಡ್ಡು ಯಾಕೆ? ಇನ್ನೊಂದು ಕಡೆ, ಅವನು ಹೋದ ಮೇಲೆ ಅದೇ ಟೆನ್ ಹಾಗ್, ಅದೇ ಹಳೇ ಜಿಮ್ ಇಟ್ಕೊಂಡು ಲೀಗ್ ಕಪ್ ಗೆದ್ದು, ಮೂರನೇ ಸ್ಥಾನ ಪಡೆದರು. ಕೋಚ್ ಬಗ್ಗೆ ಹೇಳಿದ್ದು ಅಷ್ಟೇನೂ ನಿಲ್ಲಲಿಲ್ಲ.

ಸರಿ, ಒಬ್ಬ ಆಟಗಾರ ಹೀಗೆ ಮಾತಾಡಿದ್ರೆ ಕ್ಲಬ್ ಏನು ಮಾಡಬಹುದು? ಪ್ರೀಮಿಯರ್ ಲೀಗ್‌ನ ಆಟಗಾರರ ಕರಾರಿನಲ್ಲಿ ಕ್ಲಬ್‌ಗೆ ಕೆಟ್ಟ ಹೆಸರು ತರಬಾರದು ಅಂತ ಇರುತ್ತೆ. ಮಾಧ್ಯಮದ ಜೊತೆ ಮಾತಾಡೋ ಮುಂಚೆ ಸಾಧ್ಯವಾದಷ್ಟು ತಿಳಿಸಬೇಕು. ಮೊದಲ ತಪ್ಪಿಗೆ ಸಾಮಾನ್ಯವಾಗಿ ಹೆಚ್ಚೆಂದರೆ ಎರಡು ವಾರದ ಸಂಬಳ ದಂಡ. ಕೇಳೋಕೆ ದೊಡ್ಡದು. ಆದ್ರೆ ಸ್ಟಾರ್ ಆಟಗಾರ ಹೊರಗೆ ಹೋಗಲೇಬೇಕು ಅಂತ ತೀರ್ಮಾನ ಮಾಡಿದ್ರೆ ಆ ದಂಡ ಟಿಕೆಟ್ ದುಡ್ಡು ಇದ್ದ ಹಾಗೆ. ಕ್ಲಬ್‌ಗೂ ಇಕ್ಕಟ್ಟು: ಇಟ್ಕೊಂಡ್ರೆ ಡ್ರೆಸ್ಸಿಂಗ್ ರೂಮ್ ಕೆಡುತ್ತೆ, ಕೋರ್ಟಿಗೆ ಹೋದ್ರೆ ಮಾಲೀಕರ ವಿಷಯ ವರ್ಷಗಟ್ಟಲೆ ಪೇಪರ್‌ನಲ್ಲಿ. ಕೊನೆಗೆ ನವೆಂಬರ್ 22ಕ್ಕೆ ‘ಪರಸ್ಪರ ಒಪ್ಪಿಗೆ’ಯಿಂದ ಕರಾರು ಮುಗಿಸಿದರು.

ಅವತ್ತೇ, ಕೆಲವೇ ಗಂಟೆ ಅಂತರದಲ್ಲಿ, ಗ್ಲೇಜರ್‌ಗಳು ಕ್ಲಬ್ ಮಾರೋದೂ ಸೇರಿ ಎಲ್ಲಾ ದಾರಿಗಳನ್ನ ಪರಿಶೀಲಿಸ್ತೀವಿ ಅಂತ ಪ್ರಕಟಿಸಿದರು. ಆ ರಾತ್ರಿ ನಮ್ಮ ಗ್ರೂಪಿನ ರೊನಾಲ್ಡೊ ಭಕ್ತ ಕುಣಿದಾಡಿಬಿಟ್ಟ: ನೋಡಿದ್ರಾ, ಒಂದು ಸಂದರ್ಶನಕ್ಕೆ ಮಾಲೀಕರು ಗಂಟುಮೂಟೆ ಕಟ್ಟಿದರು! ನಾನು ಒಪ್ಪಲ್ಲ. ನ್ಯೂಯಾರ್ಕ್ ಷೇರುಪೇಟೆಯಲ್ಲಿರೋ ಕಂಪನಿ ಇಂಥ ಪ್ರಕಟಣೆಯನ್ನ ಒಂಬತ್ತು ದಿನದ ಸಿಟ್ಟಲ್ಲಿ ಮಾಡಲ್ಲ. ಮತ್ತೆ, ಗಂಟುಮೂಟೆ ಕಟ್ಟಲೂ ಇಲ್ಲ. 2024ರ ಫೆಬ್ರವರಿಯಲ್ಲಿ ಜಿಮ್ ರಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಪಾಲು ಕೊಂಡು ಆಟದ ಆಡಳಿತ ವಹಿಸಿಕೊಂಡರು. ಬಹುಪಾಲು ಮತ ಗ್ಲೇಜರ್‌ಗಳ ಕೈಯಲ್ಲೇ ಉಳಿಯಿತು, ಯಾಕಂದ್ರೆ ಅವರ ‘ಬಿ’ ವರ್ಗದ ಒಂದೊಂದು ಷೇರಿಗೆ ಹತ್ತು ಮತ. ಹೊಸಬರು ಬಂದ ಮೇಲೆ ಅಭಿಮಾನಿಗಳ ಕಷ್ಟ ಕರಗಿತಾ ಅಂದ್ರೆ, ಅದೂ ಇಲ್ಲ. ಕ್ಲಬ್‌ನ ಸುಮಾರು 250 ಜನ ನೌಕರರು ಕೆಲಸ ಕಳ್ಕೊಂಡರು. ಅದೇ ವರ್ಷದ ಕೊನೆಗೆ, ಉಳಿದಿದ್ದ ಟಿಕೆಟ್‌ಗಳಿಗೆ ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ತೆಗೆದು ಎಲ್ಲರಿಗೂ 66 ಪೌಂಡ್ ಮಾಡಿದಾಗ ಜನ ಮತ್ತೆ ಬೀದಿಗಿಳಿದರು.

ಮೆಸ್ಸಿ ಅಭಿಮಾನಿಗಳು ಈಗಾಗಲೇ ಗೊಣಗ್ತಾ ಇರ್ತೀರಿ, ಗೊತ್ತು. ಬಾರ್ಸಿಲೋನಾಕ್ಕೆ ಮಾಲೀಕರೇ ಇಲ್ಲ. ಲಕ್ಷಕ್ಕೂ ಹೆಚ್ಚು ಸದಸ್ಯರೇ ಮಾಲೀಕರು, ಅವರು ಅಧ್ಯಕ್ಷರನ್ನ ಚುನಾಯಿಸ್ತಾರೆ. ಹಾಗಿದ್ದೂ 2020ರ ಆಗಸ್ಟ್‌ನಲ್ಲಿ ಬಯರ್ನ್ ಎದುರು 8-2 ಸೋಲಾದ ಮೇಲೆ ಮೆಸ್ಸಿ ರಿಜಿಸ್ಟರ್ಡ್ ಪತ್ರ ಕಳಿಸಿ ನಾನು ಹೊರಡ್ತೀನಿ ಅಂದ. ಉಚಿತವಾಗಿ ಹೋಗೋ ಅವಕಾಶದ ಗಡುವು ಜೂನ್ 10ಕ್ಕೇ ಮುಗಿದಿದೆ, ಇನ್ನೇನಿದ್ರೂ 70 ಕೋಟಿ ಯೂರೋ ಕಟ್ಟಬೇಕು ಅಂತ ಕ್ಲಬ್ ಹಠ. ಕೋವಿಡ್‌ನಿಂದ ಸೀಸನ್ನೇ ಆಗಸ್ಟ್‌ವರೆಗೆ ಎಳೆದಿತ್ತು, ಆ ಗಡುವಿಗೆ ಅರ್ಥ ಏನು ಅನ್ನೋದು ಅವನ ಕಡೆಯ ವಾದ. ಸೆಪ್ಟೆಂಬರ್ 4ಕ್ಕೆ, ತನ್ನ ಬದುಕಿನ ಕ್ಲಬ್‌ನ ಕೋರ್ಟಿಗೆ ಎಳೆಯಲ್ಲ ಅಂತ ಉಳ್ಕೊಂಡ, ಉಳ್ಕೊಂಡೇ ಅಧ್ಯಕ್ಷ ಬಾರ್ತೊಮೆಯು ಆಡಳಿತವನ್ನ ಕಟುವಾಗಿ ಟೀಕಿಸಿದ. ಇಲ್ಲಿ ವ್ಯತ್ಯಾಸ ನೋಡಿ: ಸದಸ್ಯರ ಕೈಯಲ್ಲಿ ಒಂದು ಆಯುಧ ಇತ್ತು. ಸಹಿ ಸಂಗ್ರಹಿಸಿ ಅವಿಶ್ವಾಸ ಮತಕ್ಕೆ ಒತ್ತಾಯಿಸಿದರು, ಅಕ್ಟೋಬರ್ 27ಕ್ಕೆ ಬಾರ್ತೊಮೆಯು ರಾಜೀನಾಮೆ. ಮ್ಯಾಂಚೆಸ್ಟರ್ ಅಭಿಮಾನಿ ಸ್ಕಾರ್ಫ್ ಹಾಕಬಹುದು, ಘೋಷಣೆ ಕೂಗಬಹುದು, ವೋಟ್ ಹಾಕೋಕಾಗಲ್ಲ. ತನಗಿಲ್ಲದ ಆ ವೋಟನ್ನ ಅವನು ಸ್ಟಾರ್ ಆಟಗಾರನ ಬಾಯಲ್ಲಿ ಹುಡುಕ್ತಾನೆ. ರೊನಾಲ್ಡೊ ಜಗಳ ಅಷ್ಟು ಬಿಸಿಯಾಗಿದ್ದಕ್ಕೆ ನನ್ನ ಪ್ರಕಾರ ಇದೇ ಕಾರಣ.

ನನಗೆ ಇದೆಲ್ಲದರಲ್ಲಿ ಹೆಚ್ಚು ಹಿಡಿಸಿದ್ದು ಅಷ್ಟು ಸುದ್ದಿಯಾಗದ ಒಂದು ಘಟನೆ. ಸ್ಕಾಟ್ಲೆಂಡ್‌ನ ಎಡಿನ್‌ಬರ್ಗ್, ಹಾರ್ಟ್ಸ್ ಕ್ಲಬ್, 2006ರ ಅಕ್ಟೋಬರ್ 27. ಮಾಲೀಕ ವ್ಲಾದಿಮಿರ್ ರೊಮಾನೊವ್, ಲಿಥುವೇನಿಯಾದ ಬ್ಯಾಂಕ್ ಧಣಿ. ಮುಂದಿನ ಪಂದ್ಯ ಗೆಲ್ಲದಿದ್ರೆ ಇಡೀ ತಂಡವನ್ನ ಮಾರಾಟಕ್ಕೆ ಇಡ್ತೀನಿ ಅಂತ ಬೆದರಿಸಿದ್ದ. ಕ್ಯಾಪ್ಟನ್ ಸ್ಟೀವನ್ ಪ್ರೆಸ್ಲಿ ಪತ್ರಕರ್ತರ ಮುಂದೆ ಬಂದು ಕೂತ, ಪಕ್ಕದಲ್ಲಿ ಗೋಲ್‌ಕೀಪರ್ ಕ್ರೇಗ್ ಗಾರ್ಡನ್, ಪಾಲ್ ಹಾರ್ಟ್ಲಿ. ಡ್ರೆಸ್ಸಿಂಗ್ ರೂಮ್‌ನಲ್ಲಿ ತೀವ್ರ ಅಸಮಾಧಾನ ಇದೆ ಅಂತ ಬರೆದಿಟ್ಟ ಹೇಳಿಕೆ ಓದಿದ. ಸಂಬಳದ ಮಾತಿಲ್ಲ, ತನ್ನ ಜಾಗದ ಮಾತಿಲ್ಲ. ವರ್ಷ ಮುಗಿಯೋದ್ರೊಳಗೆ ಪ್ರೆಸ್ಲಿ ಕ್ಲಬ್‌ನಿಂದ ಹೊರಗೆ. ಹಾರ್ಟ್ಲಿ ಮುಂದಿನ ತಿಂಗಳು, ಗಾರ್ಡನ್ ಮುಂದಿನ ಬೇಸಿಗೆಗೆ. ಮಾಲೀಕ ಉಳಿದ. 2013ರಲ್ಲಿ ಕ್ಲಬ್ ದಿವಾಳಿ ಅಂಚಿಗೆ ಬಂತು. ಆಗ ಅಭಿಮಾನಿಗಳು ತಿಂಗಳು ತಿಂಗಳು ಜೇಬಿಂದ ದುಡ್ಡು ಹಾಕಿ ಉಳಿಸಿಕೊಂಡರು. 2021ರಲ್ಲಿ ಬಹುಪಾಲು ಷೇರು ಅವರ ಸಂಸ್ಥೆಗೇ ಬಂತು. ಪ್ರೆಸ್ಲಿ ಮಾತಿಗೂ ಇದಕ್ಕೂ ನೇರ ಗಂಟು ಹಾಕೋಕಾಗಲ್ಲ. ಆದ್ರೆ ಅವತ್ತು ಅವರು ಹೇಳಿದ್ದನ್ನ ಯಾರೂ ಚೌಕಾಸಿ ಅನ್ನಲಿಲ್ಲ.

ಕೊನೆಗೆ, ನಮ್ಮೂರ ಕಥೆ ಯಾಕೆ ಹೇಳಲ್ಲ ಅಂತ ಪ್ರತಿ ಸಲ ಕೇಳ್ತೀರಿ. ಹೇಳ್ತೀನಿ. 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಗೊತ್ತಿಲ್ಲದಿದ್ದಾಗ, ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸ್ತೀವಿ ಅಂತ ಪ್ರಕಟಿಸಿತು. ಅಲ್ಲಿ ಮಾಲೀಕರೂ ಲೀಗ್ ಗೊಂದಲಕ್ಕೆ ಸಿಕ್ಕಿಹಾಕ್ಕೊಂಡವರೇ, ಗ್ಲೇಜರ್ ಜೊತೆ ಹೋಲಿಸಿದ್ರೆ ಅನ್ಯಾಯ ಆಗುತ್ತೆ. ಆದ್ರೆ ಆಟಗಾರನ ಕಡೆಯಿಂದ ಯೋಚಿಸಿ. ರೊನಾಲ್ಡೊ ಬಾಗಿಲು ಒದ್ದು ಹೊರಬಂದಾಗ, ಆರು ವಾರದೊಳಗೆ ಸೌದಿಯ ಅಲ್ ನಸ್ರ್ ಕ್ಲಬ್ ಕೆಂಪು ಹಾಸು ಹಾಸಿ ಕಾಯ್ತಿತ್ತು. ಲೀಗೇ ನಿಂತುಹೋಗಬಹುದಾದ ದೇಶದಲ್ಲಿ ಇಪ್ಪತ್ತೆರಡರ ಡಿಫೆಂಡರ್ ಒಬ್ಬ ಬಾಗಿಲು ಒದ್ದು ಎಲ್ಲಿಗೆ ಹೋಗ್ತಾನೆ?

ನಮ್ಮ ಗ್ರೂಪಿನ ಇಬ್ಬರೂ ಇನ್ನೂ ಒಪ್ಪಿಲ್ಲ. ಒಬ್ಬನ ಡಿಪಿ ಈಗಲೂ ರೊನಾಲ್ಡೊನೇ, ಅಲ್ ನಸ್ರ್ ಹಳದಿ ಜೆರ್ಸಿಯಲ್ಲಿ. ನೀವು ಯಾರ ಕಡೆ? ಒಂದು ನಿಮಿಷದೊಳಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೆಲವನ್ನ ಇಲ್ಲೇ ಕೇಳಿಸ್ತೀವಿ. ಬೈಗುಳ ಇದ್ರೆ ಕಟ್ ಮಾಡ್ತೀವಿ, ಮೊದಲೇ ಹೇಳಿದೀನಿ.