ಒಂದೇ ಕಾರು, ಮೂರು ತಲೆಮಾರು: ಗ್ರಾಹಕ ನಿಷ್ಠೆಯ ಲಾಭ-ನಷ್ಟ

ಕಾಯಂ ಗಿರಾಕಿಯ ಬೆಲೆಯನ್ನು ಯಾವ ವರ್ತಕನಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ತಂದೆಯ ನಿಷ್ಠೆಯು ಮಗನಿಗೆ ಬಳುವಳಿಯಾಗಿ ಬರುವುದು ಹೇಗೆ, ಹಾಗೆ ಬಂದದ್ದು ಕೈತಪ್ಪುವುದು ಏಕೆ ಎಂಬ ಪ್ರಶ್ನೆಗಳು ವಿಚಾರಯೋಗ್ಯವಾದವು. ಇವುಗಳಿಗೆ ಉತ್ತರವನ್ನು ಅಂಬಾಸಡರ್ ಕಾರಿನ ಇತಿಹಾಸದಲ್ಲಿ ಕಾಣಬಹುದು. ಆ ಒಂದು ಕಾರನ್ನಲ್ಲದೆ ಬೇರೊಂದನ್ನು ಮನೆಯ ಮುಂದೆ ನಿಲ್ಲಿಸದ ಕುಟುಂಬಗಳು ಒಂದು ಕಾಲದಲ್ಲಿ ದೇಶದ ಅನೇಕ ಊರುಗಳಲ್ಲಿದ್ದವು.

ನಿಷ್ಠೆ ಬೆಳೆದ ಬಗೆ

1942ರಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ, 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಡರ್ ತಯಾರಿಕೆಯನ್ನು ಆರಂಭಿಸಿತು. ಲೈಸೆನ್ಸ್ ಪದ್ಧತಿಯ ಆ ದಿನಗಳಲ್ಲಿ ಗ್ರಾಹಕನಿಗಿದ್ದ ಆಯ್ಕೆ ಬಲು ಕಿರಿದು. ಇದಲ್ಲದಿದ್ದರೆ ಮುಂಬಯಿಯ ಪ್ರೀಮಿಯರ್ ಸಂಸ್ಥೆಯ ಫಿಯಟ್, ಅದೂ ಅಲ್ಲದಿದ್ದರೆ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಮುಂಗಡ ಹಣ ಕಟ್ಟಿ ಸರದಿಗಾಗಿ ಕಾಯಬೇಕಾಗಿದ್ದುದರಿಂದ, ಕೊಂಡ ಕಾರನ್ನು ದಶಕಗಳ ಕಾಲ ಉಳಿಸಿಕೊಳ್ಳುವುದೇ ವಾಡಿಕೆಯಾಗಿತ್ತು.

ಇಂತಹ ಮನೆಯ ಮಕ್ಕಳು ಕಾರಿನೊಡನೆಯೇ ಬೆಳೆದರು. ಆಯುಧಪೂಜೆಯಂದು ಅದನ್ನು ತೊಳೆದು, ಬಾಳೆಕಂದು ಕಟ್ಟಿ, ಚಕ್ರದಡಿಯಲ್ಲಿ ನಿಂಬೆಹಣ್ಣು ಇಡುವ ಕೆಲಸ ಅವರದಾಗಿತ್ತು. ಮುಂದೆ ಅದೇ ಕಾರಿನಲ್ಲಿ, ಸ್ಟೀರಿಂಗಿನ ಪಕ್ಕದ ಗೇರನ್ನು ಹಾಕುತ್ತ ಚಾಲನೆ ಕಲಿತರು. ಯಾವ ಸದ್ದು ಯಾವ ದೋಷದ ಸೂಚನೆ ಎಂಬುದು ಅವರಿಗೆ ಬಾಲ್ಯದಿಂದಲೇ ತಿಳಿದಿತ್ತು. ಯಾವ ಜಾಹೀರಾತೂ ನೀಡಲಾರದ ಪರಿಚಯವಿದು.

ನಿಷ್ಠೆಯನ್ನು ಪೋಷಿಸಿದವರು

ಈ ನಿಷ್ಠೆಯ ಬಹುಭಾಗವನ್ನು ಕಾಪಾಡಿದವರು ಕಾರ್ಖಾನೆಯವರಲ್ಲ, ಊರೂರಿನ ಮೆಕ್ಯಾನಿಕ್‌ಗಳು ಮತ್ತು ಬಿಡಿಭಾಗಗಳ ವರ್ತಕರು. ಕಾರಿನ ರಚನೆ ಸರಳವಾಗಿತ್ತು. ಸಾಮಾನ್ಯ ಸ್ಪ್ಯಾನರುಗಳಿಂದಲೇ ಅನೇಕ ರಿಪೇರಿಗಳು ಸಾಧ್ಯವಾಗುತ್ತಿದ್ದವು. ಹೊರರೂಪ ಹೆಚ್ಚು ಬದಲಾಗದ ಕಾರಣ, ವರ್ತಕನು ತರಿಸಿಟ್ಟ ಸರಕು ಬೇಗ ಹಳತಾಗುತ್ತಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗಳಿಗೆ ಇಂತಹ ಕಾರುಗಳು ಸ್ಥಿರವಾದ ಬೇಡಿಕೆಯನ್ನು ಒದಗಿಸಿದವು. ನಂಬಿಕೆಯ ಮೆಕ್ಯಾನಿಕ್ ಇದ್ದಲ್ಲಿ ಕಾರು ಬದಲಾಯಿಸುವ ಯೋಚನೆ ಗ್ರಾಹಕನಿಗೆ ಸುಲಭವಾಗಿ ಬರುವುದಿಲ್ಲ.

ನಿಷ್ಠೆ ಕಳಚಿದ ಬಗೆ

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಚಿಕ್ಕದಾದ, ಹಗುರವಾದ, ಕಡಿಮೆ ಪೆಟ್ರೋಲು ಬೇಡುವ ಈ ಕಾರು ಹೊಸ ತಲೆಮಾರಿಗೆ ಒಪ್ಪಿತವಾಯಿತು. 1993ರಲ್ಲಿ ಕಾರು ಉದ್ಯಮವು ಲೈಸೆನ್ಸಿನಿಂದ ಮುಕ್ತವಾದ ಮೇಲೆ ಆಯ್ಕೆಗಳು ಮತ್ತಷ್ಟು ಹೆಚ್ಚಿದವು. ಹಿಂದೂಸ್ತಾನ್ ಮೋಟರ್ಸ್ ಸುಮ್ಮನೆ ಕುಳಿತಿರಲಿಲ್ಲ. ಕಾಂಟೆಸ್ಸಾ ಎಂಬ ದೊಡ್ಡ ಕಾರನ್ನು ಹೊರತಂದಿತು, 1990ರ ದಶಕದಲ್ಲಿ ಅಂಬಾಸಡರಿಗೆ ಇಸುಜು ಎಂಜಿನ್ ಅಳವಡಿಸಿತು. ಆದರೆ ಆಗತಾನೆ ಸಂಪಾದನೆಗೆ ತೊಡಗಿದ ಮಗನು ಕೊಳ್ಳಬಹುದಾದ ಚಿಕ್ಕ ಕಾರು ಅದರ ಬಳಿ ಇರಲಿಲ್ಲ. ತಂದೆಯ ಕಾರಿನ ಮೇಲಿನ ಮಮತೆ ಉಳಿದರೂ, ಮಗನ ಹಣ ಬೇರೆ ಮಳಿಗೆಗೆ ಹೋಯಿತು.

1980ರ ದಶಕದ ಮಧ್ಯಭಾಗದಲ್ಲಿ ವರ್ಷಕ್ಕೆ ಸುಮಾರು 24 ಸಾವಿರದಷ್ಟಿದ್ದ ಅಂಬಾಸಡರ್ ಮಾರಾಟವು 2013-14ರಲ್ಲಿ 2,500ಕ್ಕಿಂತ ಕೆಳಗಿಳಿಯಿತು. 2014ರ ಮೇ ತಿಂಗಳಲ್ಲಿ ಉತ್ತರಪಾಡಾ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿತು. 2017ರಲ್ಲಿ ಅಂಬಾಸಡರ್ ಎಂಬ ಹೆಸರು 80 ಕೋಟಿ ರೂಪಾಯಿಗಳಿಗೆ ಫ್ರಾನ್ಸಿನ ಪ್ಯೂಜೋ ಸಮೂಹದ ಪಾಲಾಯಿತು.

ಮಾರುತಿಯ ನಡೆ ಇದಕ್ಕೆ ಭಿನ್ನವಾಗಿತ್ತು. 800 ಕೊಂಡ ಕುಟುಂಬದ ಮುಂದಿನ ಅಗತ್ಯಕ್ಕೆ ವ್ಯಾಗನ್-ಆರ್, ಆಲ್ಟೊ, 2005ರಲ್ಲಿ ಸ್ವಿಫ್ಟ್ ಹೀಗೆ ಒಂದೊಂದೇ ಮೆಟ್ಟಿಲನ್ನು ಅದು ಒದಗಿಸಿತು. 2014ರಲ್ಲಿ 800ರ ತಯಾರಿಕೆ ನಿಂತಾಗ, ಅದನ್ನು ಮೆಚ್ಚಿದ್ದ ಮನೆಗಳು ಬೇರೆ ಸಂಸ್ಥೆಯನ್ನು ಅರಸಿ ಹೋಗಲೇಬೇಕಾದ ಪರಿಸ್ಥಿತಿ ಇರಲಿಲ್ಲ.

ವರ್ತಕರು ಗಮನಿಸಬೇಕಾದದ್ದು

ಆಯ್ಕೆಯಿಲ್ಲದೆ ಉಳಿದ ಗಿರಾಕಿಗೂ ಒಲವಿನಿಂದ ಉಳಿದ ಗಿರಾಕಿಗೂ ಅಂತರವಿದೆ. ಪ್ರತಿಸ್ಪರ್ಧಿಯು ಬಾಗಿಲು ತೆರೆಯುವವರೆಗೆ ಆ ಅಂತರ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ಆದಕಾರಣ, ಹಳೆಯ ಗಿರಾಕಿಯ ಮಕ್ಕಳು ಈಗ ಎಲ್ಲಿ, ಏನನ್ನು ಕೊಳ್ಳುತ್ತಿದ್ದಾರೆ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ವಿಚಾರಿಸುವುದು ಒಳಿತು.

ಒಂದೇ ದೊಡ್ಡ ಕಂಪನಿಗೆ ಬಿಡಿಭಾಗ ಪೂರೈಸುವ ಸಣ್ಣ ಕೈಗಾರಿಕೆಗಳಿಗೆ ಈ ಎಚ್ಚರ ಇನ್ನೂ ಅಗತ್ಯ. ಆ ಕಂಪನಿಯ ಹೆಸರನ್ನು ಜನರು ಎಷ್ಟು ಪ್ರೀತಿಸಿದರೂ, ಅದರ ಸರಕನ್ನು ಮುಂದಿನ ತಲೆಮಾರು ಕೊಳ್ಳದಿದ್ದರೆ ಪೂರೈಕೆದಾರನ ಯಂತ್ರಗಳೂ ನಿಲ್ಲುತ್ತವೆ. ಬೇಡಿಕೆ ಇರುವಾಗಲೇ ಎರಡನೆಯ ಗಿರಾಕಿಯನ್ನು, ಎರಡನೆಯ ಉತ್ಪನ್ನವನ್ನು ಹುಡುಕಿಕೊಳ್ಳುವುದು ವಿವೇಕ.