ಪಿರ್ರೆಯ ನೋವಿಗೆ ಸೊಂಟದ ಹೆಸರು

ಅರಸೀಕೆರೆ ಸೀಮೆಯಲ್ಲಿ ಕೊಬ್ಬರಿ ಬಿಡಿಸುವ ಕೆಲಸ ಶುರುವಾಯಿತೆಂದರೆ ತೋಟದ ಮನೆಯವರಿಗೆ ದಿನವಿಡೀ ಬಗ್ಗುವುದು, ಕೂರುವುದು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿ ಕೆಳಗಿಳಿಯುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ಒಬ್ಬರು ಮೈಭಾರ ಬಿಟ್ಟು ಸಿಪ್ಪೆ ಸುಲಿಯುತ್ತಾರೆ. ಹೆಂಗಸರು ಮಣೆಯ ಮೇಲೋ ಬರಿ ನೆಲದ ಮೇಲೋ ಕೂತು ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಾರೆ. ಸಂಜೆ ಏಳುವಾಗ ಕೈ ತಾನಾಗಿ ಹೋಗುವುದು ಸೊಂಟಕ್ಕಲ್ಲ, ಅದಕ್ಕಿಂತ ಒಂದು ಗೇಣು ಕೆಳಕ್ಕೆ. ಆದರೆ ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು "ಎಲ್ಲಮ್ಮಾ ನೋವು?" ಎಂದು ಕೇಳಿದರೆ ಬರುವ ಉತ್ತರ: "ಸೊಂಟ, ಸಾರ್."

ನಾಚಿಕೆ ಸಹಜ. ಜನ ತುಂಬಿದ ಕೋಣೆಯಲ್ಲಿ ಪಿರ್ರೆ ಮುಟ್ಟಿ ತೋರಿಸಲು ಯಾರಿಗೆ ಮನಸ್ಸಾದೀತು? ಆದರೆ ಆ ಒಂದು ಗೇಣಿನ ವ್ಯತ್ಯಾಸದಿಂದ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ. ಸೊಂಟದ ಎಕ್ಸ್‌ರೇ, ಸೊಂಟದ ಬೆಲ್ಟು, ಒಂದು ಸೂಜಿ, ನಾಲ್ಕು ದಿನದ ಮಾತ್ರೆ. ಐದನೆಯ ದಿನ ನೋವು ಮತ್ತೆ ಹಾಜರು. ನೋವಿನ ಜಾಗವನ್ನು ಒಂದೇ ಬೆರಳಿಟ್ಟು ತೋರಿಸಿ, ಅದು ಎಲ್ಲಿಯವರೆಗೆ ಇಳಿಯುತ್ತದೆಂದು ಹೇಳಿದರೆ ಅರ್ಧ ಪತ್ತೆ ಅಲ್ಲೇ ಆಗುತ್ತದೆ. ಸಂಕೋಚವಾದರೆ ನರ್ಸಮ್ಮನನ್ನು ಜೊತೆಗೆ ಕರೆಯಿರಿ ಎಂದು ಕೇಳುವ ಹಕ್ಕು ರೋಗಿಗಿದೆ.

ನಮ್ಮ ಹಳೆಯ ವೈದ್ಯರಿಗೆ ಈ ಸಂಕೋಚ ಇರಲಿಲ್ಲ. ಚರಕಸಂಹಿತೆಯ ವಾತವ್ಯಾಧಿ ಅಧ್ಯಾಯದಲ್ಲಿ ಗೃಧ್ರಸಿಯ, ಅಂದರೆ ಇಂದು ಸಯಾಟಿಕಾ ಎನ್ನುವ ನೋವಿನ, ವಿವರಣೆ ಶುರುವಾಗುವುದೇ ಪಿರ್ರೆಯಿಂದ. ಅಲ್ಲಿಂದ ಸೊಂಟ, ತೊಡೆ, ಮೊಣಕಾಲು, ಮೀನಖಂಡ, ಪಾದ ಎಂದು ನೋವು ಸಾಗುವ ಹಾದಿಯನ್ನೇ ಅದು ಹೇಳುತ್ತದೆ. ಕಾಲನ್ನು ಎತ್ತಲಾಗದು ಎಂಬುದನ್ನು ಸುಶ್ರುತ ಗುರುತಿಸಿದ್ದ. ಇವತ್ತಿಗೂ ಡಾಕ್ಟರು ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಿ ನೋಡುವ ಪರೀಕ್ಷೆ ಇದೆ. ಅದನ್ನು ಸರ್ಬಿಯಾದ ಲಾಜರೆವಿಚ್ 1880ರಲ್ಲಿ, ಫ್ರಾನ್ಸಿನ ಲಾಸೇಗ್ ಎಂಬ ವೈದ್ಯರ ಶಿಷ್ಯ 1881ರಲ್ಲಿ ಬರೆದಿಟ್ಟರು. ಸಯಾಟಿಕ್ ಎಂಬ ನರದ ನೋವಿನ ಮೇಲೆ ಇಟಲಿಯ ಕೊತುನ್ಯೊ 1764ರಲ್ಲೇ ಪುಸ್ತಕ ಬರೆದಿದ್ದ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರವನ್ನು ಒತ್ತುತ್ತದೆ ಎಂಬ ಮಾತು ಗಟ್ಟಿಯಾದದ್ದು 1934ರಲ್ಲಿ, ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರಿಂದ.

ಅಲ್ಲಿಂದ ಈಚೆಗೆ ಎಲ್ಲ ತಪ್ಪೂ ಡಿಸ್ಕಿನ ತಲೆಗೆ ಬಂತು. ನಿಜವಾಗಿ ಡಿಸ್ಕಿನಿಂದ ಬರುವ ನೋವಿಗೆ ಅದರದೇ ಗುರುತುಗಳಿವೆ. ಸಯಾಟಿಕ್ ನರ ಬೆನ್ನಿನ ತಳದಿಂದ ಹೊರಟು, ಪಿರ್ರೆಯ ಆಳದಲ್ಲಿ ಹಾದು, ತೊಡೆಯ ಹಿಂಬದಿಯಲ್ಲಿ ಇಳಿಯುತ್ತದೆ. ಮೈಯಲ್ಲಿ ಅದಕ್ಕಿಂತ ದಪ್ಪ ನರ ಇನ್ನೊಂದಿಲ್ಲ. ಬುಡದಲ್ಲಿ ಅದನ್ನು ಡಿಸ್ಕ್ ಒತ್ತಿದರೆ ನೋವು ಸಾಮಾನ್ಯವಾಗಿ ಮಂಡಿ ದಾಟಿ ಪಾದದವರೆಗೆ ಕರೆಂಟು ಹೊಡೆದಂತೆ ಓಡುತ್ತದೆ, ಕೆಮ್ಮಿದರೆ ಸೀನಿದರೆ ಹೆಚ್ಚುತ್ತದೆ, ಜೋಮು ಹಿಡಿಯುತ್ತದೆ. ಪಿರ್ರೆಯಲ್ಲೋ ತೊಡೆಯ ಹಿಂದೋ ಮಾತ್ರ ಇರುವ ನೋವಿಗೆ ಮೂಲ ಬೇರೆಯೂ ಇರಬಹುದು. ಎಂಆರ್‌ಐ ಒಂದನ್ನೇ ನಂಬುವುದೂ ಕಷ್ಟ. ನೋವೇ ಇಲ್ಲದವರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿದ 2015ರ ಒಂದು ಅಧ್ಯಯನದಲ್ಲಿ, 20ರ ವಯಸ್ಸಿನವರಲ್ಲಿ ಶೇ 30, 80ರ ವಯಸ್ಸಿನವರಲ್ಲಿ ಶೇ 84 ಜನರಿಗೆ ಡಿಸ್ಕ್ ಉಬ್ಬಿತ್ತು.

ಈ ಸೀಮೆಯ ಕೆಲಸಗಳನ್ನು ನೋಡಿದರೆ ನನ್ನ ಅನುಮಾನ ಮೊದಲು ಹೋಗುವುದು ಕೂರುವ ಮೂಳೆಯ ಕಡೆಗೆ. ಗಟ್ಟಿ ಮಣೆಯ ಮೇಲೆ ಕೂತಾಗ ಚುಚ್ಚುವ ಎರಡು ಗುಬ್ಬಿಗಳಿವೆಯಲ್ಲ, ಅಲ್ಲಿಗೆ ತೊಡೆಯ ಹಿಂಬದಿಯ ಸ್ನಾಯುಗಳು, ಅಂದರೆ ಹ್ಯಾಮ್‌ಸ್ಟ್ರಿಂಗ್‌ಗಳು, ಬಂದು ಅಂಟಿಕೊಂಡಿರುತ್ತವೆ. ರಾಗಿ ಕೊಯ್ಯುವಾಗ, ಕಳೆ ಕೀಳುವಾಗ, ಕಾಯಿ ಸುಲಿಯುವಾಗ ನಾವು ಮಂಡಿ ಮಡಿಸದೆ ಸೊಂಟದಿಂದ ಬಗ್ಗುತ್ತೇವೆ. ಆಗ ಆ ಸ್ನಾಯುಗಳ ಬುಡ ಮೂಳೆಗೆ ಒತ್ತಿ ಎಳೆಯುತ್ತದೆ. ಮೇಲಿಂದ ಗಂಟೆಗಟ್ಟಲೆ ಗಟ್ಟಿ ನೆಲದ ಮೇಲೆ ಕೂರುವುದು. ಅರೇಹಳ್ಳಿ ಕಡೆಯ ಕಾಫಿ ತೋಟಗಳ ಇಳಿಜಾರಿನಲ್ಲಿ ಮೂಟೆ ಹೊತ್ತು ಹತ್ತುವವರಿಗೂ ಇದೇ ಜಾಗದ ಮೇಲೆ ಹೊರೆ. ಕೂತರೆ ನೋವು, ಬಗ್ಗಿದರೆ ನೋವು, ಮಂಡಿಯ ಕೆಳಗೆ ಏನೂ ಇಲ್ಲ ಎಂದರೆ ಇದನ್ನು ನೆನೆಯಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. "ನರ ಹಿಡ್ಕೊಂಡಿದೆ, ಎಳೆದು ಬಿಡಿಸಬೇಕು" ಎಂದು ಜನ ಕಾಲ್ಬೆರಳು ಮುಟ್ಟುವ ಕಸರತ್ತಿಗೆ ಇಳಿಯುತ್ತಾರೆ. ಈ ತೊಂದರೆಯಲ್ಲಿ ಆ ಎಳೆತವೇ ನೋವಿಗೆ ಕಾರಣ, ಹಾಗಾಗಿ ಅದು ಇನ್ನಷ್ಟು ಕೆರಳುತ್ತದೆ. ಬೇಕಾದ್ದು ಬಲ. ಅಂಗಾತ ಮಲಗಿ, ಮಂಡಿ ಮಡಿಸಿ, ಪಿರ್ರೆಯನ್ನು ನೆಲದಿಂದ ಎತ್ತಿ ಅರ್ಧ ನಿಮಿಷ ಹಿಡಿದಿಡುವುದು. ನಾಲ್ಕೈದು ಸಲ, ದಿನಾಲೂ. ತಡೆಯುವಷ್ಟು ನೋವಿದ್ದರೆ ಅಡ್ಡಿಯಿಲ್ಲ, ಮರುದಿನ ಹೆಚ್ಚಾದರೆ ಕಡಿಮೆ ಮಾಡಬೇಕು. ಆಮೇಲೆ ಒಂದೇ ಕಾಲಿನ ಮೇಲೆ, ಆಮೇಲೆ ಭಾರ ಹಿಡಿದು. ಇದಕ್ಕೆ ಮೂರು ತಿಂಗಳಾದರೂ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಜೊತೆಗೆ ಮಣೆಯ ಮೇಲೆ ದಪ್ಪ ಕಂಬಳಿ ಮಡಿಸಿ ಹಾಕಿ, ಸಾಧ್ಯವಾದರೆ ಕರಟ ಒಡೆಯುವ ಕೆಲಸವನ್ನು ಕಟ್ಟೆಯ ಎತ್ತರಕ್ಕೆ ತಂದುಕೊಂಡರೆ ಮೂಳೆಯ ಮೇಲಿನ ಒತ್ತಡ ಇಳಿಯುತ್ತದೆ.

ಬೇಲೂರು, ಹಳೇಬೀಡು ನಡುವೆ ಪ್ರವಾಸಿಗರನ್ನು ಕರೆದೊಯ್ಯುವ ಚಾಲಕರ ನೋವು ಇನ್ನೊಂದು ಬಗೆ. ಪಿರ್ರೆಯ ಆಳದಲ್ಲಿ ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯು ಇದೆ. ಸಯಾಟಿಕ್ ನರ ಅದರ ಕೆಳಗೆ ಹಾಯುತ್ತದೆ, ಕೆಲವರಲ್ಲಿ ಅದನ್ನೇ ತೂರಿ ಬರುತ್ತದೆ. ದಿನವಿಡೀ ಸೀಟಿನಲ್ಲಿ ಕೂತರೆ, ಅದರಲ್ಲೂ ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಕೂತರೆ, ಅಲ್ಲಿ ನರ ನಲುಗುತ್ತದೆ. ಕ್ರೆಡಿಟ್ ಕಾರ್ಡ್ ತುಂಬಿದ ಪರ್ಸಿನಿಂದ ಬಂದ ಇಂಥ ನೋವನ್ನು ಅಮೆರಿಕದ ವೈದ್ಯರೊಬ್ಬರು 1978ರಲ್ಲೇ ವರದಿ ಮಾಡಿದ್ದರು. ಪರ್ಸ್ ಮುಂದಿನ ಜೇಬಿಗೆ ಬರಲಿ. ಪ್ರವಾಸಿಗರು ಗುಡಿಯೊಳಗಿರುವಾಗ ಸೀಟು ಒರಗಿಸಿ ಮಲಗದೆ ನಾಲ್ಕು ಹೆಜ್ಜೆ ಓಡಾಡಿದರೆ ಬಹಳ ಗುಣ.

ಹಿರಿಯರದು ಬೇರೆಯೇ ಕಥೆ. ವಯಸ್ಸಿನ ಸವೆತದಿಂದ ಬೆನ್ನುಮೂಳೆಯೊಳಗಿನ ದಾರಿ ಕಿರಿದಾಗುತ್ತದೆ. ಬೆನ್ನು ಹಿಂದಕ್ಕೆ ಬಾಗಿದಾಗ ಆ ದಾರಿ ಮತ್ತಷ್ಟು ಇಕ್ಕಟ್ಟು, ಮುಂದಕ್ಕೆ ಬಾಗಿದಾಗ ಕೊಂಚ ಸಡಿಲ. ಬೇಲೂರಿನಲ್ಲಿ ಕತ್ತೆತ್ತಿ, ಹಿಂದಕ್ಕೆ ವಾಲಿ ಮದನಿಕೆಯರನ್ನು ನೋಡುವಾಗ ಎರಡೂ ತೊಡೆ ಭಾರವಾಗಿ, ಹಳೇಬೀಡಿನ ಗೋಡೆಯ ತಳದ ಆನೆಸಾಲಿಗೆ ಬಗ್ಗಿದಾಗ ಹಗುರಾದರೆ ಅದಕ್ಕೆ ಇದೇ ಕಾರಣವಿರಬಹುದು. ಇಂಥವರು ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲನ್ನು ಮುಂದಕ್ಕೆ ಬಾಗಿ ಹತ್ತಿಬಿಡುತ್ತಾರೆ, ಇಳಿಯುವಾಗ ಸೋಲುತ್ತಾರೆ. ಗುಡಿಯ ಜಗತಿಯ ಅಂಚಿನಲ್ಲಿ ಎರಡು ನಿಮಿಷ ಕೂತರೆ ನೋವು ಇಳಿಯುತ್ತದೆ. ಆದರೆ ಕೂರಬೇಕಾಗಿಲ್ಲ, ಸುಮ್ಮನೆ ನಿಂತರೇ ಸಾಕು ಎನ್ನುವವರು, ಅದರಲ್ಲೂ ಬೀಡಿ ಸೇದುವವರು ಮತ್ತು ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತನಾಳಗಳನ್ನು ಪರೀಕ್ಷೆ ಮಾಡಿಸಬೇಕು.

ಹರೆಯದ ಹುಡುಗರನ್ನೂ ಮರೆಯುವಂತಿಲ್ಲ. ಬೆಳಗಿನ ಜಾವ ನೋವಿಗೆ ಎಚ್ಚರವಾಗುವುದು, ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಮೈ ಬಿಗಿಯುವುದು, ಓಡಾಡಿದರೆ ಹಗುರವಾಗುವುದು, ಒಮ್ಮೆ ಎಡ ಪಿರ್ರೆ ಒಮ್ಮೆ ಬಲ ಪಿರ್ರೆ ನೋಯುವುದು, ಇದು ಮೂರು ತಿಂಗಳು ದಾಟಿದ್ದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆ ಇರಬಹುದು. ಅದಕ್ಕೆ ಒಳ್ಳೆಯ ಔಷಧಗಳಿವೆ. ದುಃಖವೆಂದರೆ, ಪತ್ತೆಯಾಗುವ ಹೊತ್ತಿಗೆ ಅನೇಕರಿಗೆ ವರ್ಷಗಳೇ ಕಳೆದಿರುತ್ತವೆ.

ಡಿಸ್ಕಿನ ನೋವೇ ಆಗಿದ್ದರೂ ಹೆದರಬೇಕಿಲ್ಲ. ಬಹುಪಾಲು ಜನರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಹೊರಬಂದ ಡಿಸ್ಕಿನ ತುಣುಕು ಎಷ್ಟೋ ಸಲ ಕುಗ್ಗಿ ಕರಗುತ್ತದೆ. ಮಲಗೇ ಇರಬೇಕೆಂಬ ಸಲಹೆಯನ್ನು 1999ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಪರೀಕ್ಷೆಗೆ ಒಡ್ಡಿದರು. ಎರಡು ವಾರ ಹಾಸಿಗೆ ಹಿಡಿದವರಲ್ಲೂ ಓಡಾಡಿಕೊಂಡಿದ್ದವರಲ್ಲೂ 12 ವಾರಗಳ ನಂತರ ಸುಧಾರಿಸಿದವರು ಒಂದೇ ಸಮ, ಶೇ 87. ನರದ ನೋವಿಗೆಂದು ಧಾರಾಳವಾಗಿ ಬರೆಯುವ ಪ್ರಿಗಾಬಲಿನ್ ಮಾತ್ರೆ ಸಯಾಟಿಕಾದಲ್ಲಿ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಯಿತು ಎಂದು 2017ರ ಆಸ್ಟ್ರೇಲಿಯಾದ ಪ್ರಯೋಗ ತೋರಿಸಿತು. ಬೇಗ ಆಪರೇಷನ್ ಮಾಡಿಸಿದರೆ ಬೇಗ ಆರಾಮ ಸಿಗುತ್ತದೆ ಎಂಬುದು ನಿಜ. ಆದರೆ ಕಾದು ನೋಡಿದವರೂ ಒಂದು ವರ್ಷದ ಹೊತ್ತಿಗೆ ಅವರ ಸಮಕ್ಕೆ ಬಂದದ್ದನ್ನು 2007ರ ಇನ್ನೊಂದು ಡಚ್ ಅಧ್ಯಯನ ಕಂಡಿತು. ಹಾಗೆ ಕಾದವರ ಪೈಕಿ ಐವರಲ್ಲಿ ಇಬ್ಬರಷ್ಟು ಜನ ತಡೆಯಲಾರದೆ ನಡುವೆ ಆಪರೇಷನ್ ಮಾಡಿಸಿಕೊಂಡರೆಂಬುದನ್ನೂ ಸೇರಿಸಿ ಹೇಳಬೇಕು.

ಹಳ್ಳಿಗಳಲ್ಲಿ ನೋವೆಂದರೆ ಸೂಜಿ. ಸೂಜಿ ಹಾಕದ ಡಾಕ್ಟರನ್ನು ಜನ ಒಪ್ಪುವುದಿಲ್ಲ. ಆದರೆ ಪಿರ್ರೆಗೆ ತಪ್ಪು ಜಾಗದಲ್ಲಿ ಚುಚ್ಚಿದ ಸೂಜಿ ಇದೇ ಸಯಾಟಿಕ್ ನರಕ್ಕೆ ತಗುಲಿ ಪಾದವೇ ಸೋತುಬಿಡಬಹುದು. ಮಕ್ಕಳಿಗೂ ಸಣಕಲು ಮೈಯವರಿಗೂ ಈ ಅಪಾಯ ಹೆಚ್ಚು. ಹಾಕಲೇಬೇಕಾದರೆ ಪಿರ್ರೆಯ ಮೇಲಿನ ಹೊರಭಾಗಕ್ಕೆ ಹಾಕಬೇಕು. ಚುಚ್ಚಿದ ಕ್ಷಣ ಕಾಲಿಗೆ ಶಾಕ್ ಹೊಡೆದಂತಾದರೆ ಕೂಡಲೇ ಕೂಗಿ ಹೇಳಬೇಕು. ಚೀಟಿಯಿಲ್ಲದ ಪುಡಿ, ಹೆಸರಿಲ್ಲದ ಮಾತ್ರೆ ಎರಡು ದಿನದಲ್ಲಿ ಪವಾಡ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಅನುಮಾನಿಸಿ.

ಜ್ವರ, ತೂಕ ಇಳಿಯುವುದು, ರಾತ್ರಿ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು, ತಡಮಾಡದೆ ತೋರಿಸಬೇಕು. ನಡೆಯುವಾಗ ಗೊತ್ತಿಲ್ಲದೆ ಚಪ್ಪಲಿ ಕಳಚಿಕೊಂಡರೆ, ಹಿಮ್ಮಡಿಯೂರಿ ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇನ್ನು, ಎರಡೂ ಕಾಲು ಸೋಲುತ್ತಿದ್ದರೆ, ಮೂತ್ರ ಕಟ್ಟಿದ್ದರೆ ಅಥವಾ ಅರಿವಿಲ್ಲದೆ ಸೋರುತ್ತಿದ್ದರೆ, ತೊಳೆದುಕೊಳ್ಳುವಾಗ ಆ ಜಾಗದ ಸ್ಪರ್ಶವೇ ತಿಳಿಯದಿದ್ದರೆ, ಇವುಗಳಲ್ಲಿ ಒಂದಿದ್ದರೂ ಅದನ್ನು ಹೇಳಲು ಒಂದಿಷ್ಟೂ ನಾಚಬೇಡಿ. ಬೆಳಗಿನ ಬಸ್ಸಿಗೆ ಕಾಯದೆ ರಾತ್ರಿಯೇ 108ಕ್ಕೆ ಕರೆ ಮಾಡಿ ಹಾಸನದ ದೊಡ್ಡಾಸ್ಪತ್ರೆಗೆ ಹೊರಡಬೇಕು. ಬೆನ್ನಿನ ತಳದ ನರಗಳ ಗೊಂಚಲು ಒಟ್ಟಿಗೆ ಒತ್ತಿಹೋದಾಗ ಹೀಗಾಗುತ್ತದೆ. ಒಂದೆರಡು ದಿನದೊಳಗೆ ಆಪರೇಷನ್ ಮಾಡಿ ಆ ಒತ್ತಡ ತೆಗೆಯದಿದ್ದರೆ ಮೂತ್ರದ ಹಿಡಿತ ಮರಳಿ ಬಾರದೆಯೂ ಹೋಗಬಹುದು.