‘ಮೀಟರ್ ಮೇಲೆ ಐವತ್ತು’ ಅಗ್ಗವೋ, ‘ಒಂದೂವರೆ ಪಟ್ಟು’ ಅಗ್ಗವೋ? ಸಮೀಕರಣದ ಇಳಿಜಾರಿನಲ್ಲಿದೆ ಉತ್ತರ

ಬೆಂಗಳೂರು: ದೊಡ್ಡನೆಕ್ಕುಂದಿಯ ಬಳಿ ಹೊರ ವರ್ತುಲ ರಸ್ತೆಯಲ್ಲಿ ನಿಂತು ಆಟೊ ಕರೆಯುವವರಿಗೆ ಎರಡು ಉತ್ತರಗಳು ಚಿರಪರಿಚಿತ. ‘ಮೀಟರ್ ಮೇಲೆ ಐವತ್ತು ಕೊಡಿ’ ಎಂಬುದು ಒಂದು. ‘ಒನ್ ಅಂಡ್ ಹಾಫ್ ಆಗುತ್ತೆ ಸಾರ್’ ಎಂಬುದು ಇನ್ನೊಂದು. ಹಗಲಿನಲ್ಲಿ ಇವೆರಡೂ ನಿಯಮಬಾಹಿರ ಎಂಬುದು ಬೇರೆ ಮಾತು. ಮಳೆ ಸುರಿಯುತ್ತಿದ್ದು, ಒಂದನ್ನು ಒಪ್ಪದೆ ಗತ್ಯಂತರವಿಲ್ಲ ಎಂದಾದರೆ ಯಾವುದನ್ನು ಒಪ್ಪಬೇಕು? ಪ್ರಥಮ ಪಿಯುಸಿ ಗಣಿತದ ‘ಸರಳ ರೇಖೆಗಳು’ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಪರೀಕ್ಷೆ ಮುಗಿದೊಡನೆ ಬಹುತೇಕರು ಮರೆಯುವ ಅಧ್ಯಾಯವದು.

ನಗರದಲ್ಲಿ 2025ರ ಆಗಸ್ಟ್ 1ರಂದು ಜಾರಿಗೆ ಬಂದ ಆಟೊ ದರದ ಪ್ರಕಾರ ಮೊದಲ 2 ಕಿ.ಮೀ.ಗೆ ಕನಿಷ್ಠ 36 ರೂ., ನಂತರದ ಪ್ರತಿ ಕಿ.ಮೀ.ಗೆ 18 ರೂ. ಪ್ರಯಾಣದ ದೂರವನ್ನು ‘ಎಕ್ಸ್’ ಎಂದೂ ತೆರಬೇಕಾದ ಹಣವನ್ನು ‘ವೈ’ ಎಂದೂ ಕರೆಯೋಣ. 2 ಕಿ.ಮೀ. ದಾಟಿದ ಮೇಲೆ ಬಾಡಿಗೆಯ ಸಮೀಕರಣ ಹೀಗಿರುತ್ತದೆ:

ವೈ = 36 + 18(ಎಕ್ಸ್ − 2)

ಆವರಣ ಬಿಡಿಸಿದರೆ 36ರಲ್ಲಿ 36 ಕಳೆದುಹೋಗಿ, ವೈ = 18ಎಕ್ಸ್ ಎಂದಷ್ಟೇ ಉಳಿಯುತ್ತದೆ. ಇಲ್ಲಿನ 18 ಎಂಬ ಸಂಖ್ಯೆಯೇ ಈ ರೇಖೆಯ ಇಳಿಜಾರು. ಎಕ್ಸ್ ಒಂದು ಮಾನ ಹೆಚ್ಚಿದಾಗ ವೈ ಎಷ್ಟು ಬದಲಾಗುತ್ತದೆ ಎಂಬುದೇ ಅದರ ಅರ್ಥ. (ಮೀಟರು ಹಂತಹಂತವಾಗಿ ಜಿಗಿಯುತ್ತದೆಯೇ ಹೊರತು ರೇಖೆಯಂತೆ ಸರಾಗವಾಗಿ ಏರುವುದಿಲ್ಲ, ಲೆಕ್ಕದ ಅನುಕೂಲಕ್ಕಾಗಿ ಆ ಸೂಕ್ಷ್ಮವನ್ನು ಬದಿಗಿಡೋಣ.) ‘ಇಳಿಜಾರು’ ಎಂಬ ಪದ ತುಸು ದಾರಿ ತಪ್ಪಿಸುತ್ತದೆ ಎಂಬುದನ್ನೂ ಹೇಳಬೇಕು. ಬಾಡಿಗೆ ಏರುತ್ತಲೇ ಹೋದರೂ ಗಣಿತದಲ್ಲಿ ಅದು ಇಳಿಜಾರೇ. ಏರಿದರೆ ಧನ, ಇಳಿದರೆ ಋಣ, ಅಷ್ಟೇ.

ಪಠ್ಯಪುಸ್ತಕಗಳು ಇದನ್ನು ವೈ = ಎಂಎಕ್ಸ್ + ಸಿ ಎಂಬ ರೂಪದಲ್ಲಿ ಕೊಡುತ್ತವೆ. ‘ಎಂ’ ಇಳಿಜಾರು, ‘ಸಿ’ ಎಂಬುದು ರೇಖೆಯು ವೈ ಅಕ್ಷವನ್ನು ಕತ್ತರಿಸುವ ಎತ್ತರ. 2013ರ ಡಿಸೆಂಬರ್‌ನಿಂದ ಜಾರಿಯಲ್ಲಿದ್ದ ದರದಲ್ಲಿ ಮೊದಲ 1.9 ಕಿ.ಮೀ.ಗೆ 25 ರೂ., ನಂತರ ಕಿ.ಮೀ.ಗೆ 13 ರೂ. ಇತ್ತು. ಅದರ ಸಮೀಕರಣ ವೈ = 13ಎಕ್ಸ್ + 0.3. ಅಂದರೆ ಇಳಿಜಾರು 13, ‘ಸಿ’ ಕೇವಲ 30 ಪೈಸೆ. 2021ರ ಡಿಸೆಂಬರ್ 1ರಿಂದ ಕನಿಷ್ಠ ದರ 30 ರೂ., ಕಿ.ಮೀ. ದರ 15 ರೂ. ಆದಾಗ ಸಮೀಕರಣ ವೈ = 15ಎಕ್ಸ್ ಆಯಿತು. ದರ ಏರಿಕೆಯ ಸುದ್ದಿಗಳಲ್ಲಿ ತಲೆಬರಹವಾಗುವುದು ಸಾಮಾನ್ಯವಾಗಿ ಕನಿಷ್ಠ ದರ. ಆದರೆ ದೂರ ಪ್ರಯಾಣಿಸುವವರ ಹಣ ಕರಗಿಸಿದ್ದು 13, 15, 18 ಎಂದು ಕಡಿದಾಗುತ್ತಾ ಬಂದ ಈ ಇಳಿಜಾರು.

ಈಗ ಚೌಕಾಸಿಗೆ ಬರೋಣ. ‘ಮೀಟರ್ ಮೇಲೆ ಐವತ್ತು’ ಎಂದರೆ ವೈ = 18ಎಕ್ಸ್ + 50. ರೇಖೆ ಇದ್ದ ಓರೆಯಲ್ಲೇ ಇಡಿಯಾಗಿ ಮೇಲಕ್ಕೆ ಸರಿಯಿತು, ಇಳಿಜಾರು ಬದಲಾಗಲಿಲ್ಲ. ‘ಒಂದೂವರೆ’ ಎಂದರೆ ವೈ = 27ಎಕ್ಸ್. ಇಲ್ಲಿ ಮೇಲೆ ಕೂಡಿಸಿದ್ದು ಏನೂ ಇಲ್ಲ, ಆದರೆ ಇಳಿಜಾರೇ ಕಡಿದಾಯಿತು. ರಾತ್ರಿ 10ರಿಂದ ಬೆಳಗಿನ 5ರವರೆಗೆ ಈ ಎರಡನೆಯ ಸಮೀಕರಣ ನ್ಯಾಯಸಮ್ಮತವೂ ಹೌದು.

ಎರಡೂ ಸಮವಾಗುವುದು 27ಎಕ್ಸ್ = 18ಎಕ್ಸ್ + 50 ಆದಾಗ. ಅಂದರೆ 9ಎಕ್ಸ್ = 50; ಎಕ್ಸ್ ಸುಮಾರು ಐದೂವರೆ ಕಿ.ಮೀ. ಟಿನ್ ಫ್ಯಾಕ್ಟರಿ ಕಡೆಗೆ 4 ಕಿ.ಮೀ. ಹೋಗುವವರು ಒಂದೂವರೆ ಒಪ್ಪಿದರೆ 108 ರೂ., ಐವತ್ತು ಒಪ್ಪಿದರೆ 122 ರೂ. ಆದರೆ ಶಿವಾಜಿನಗರದ ದಾರಿ ಹಿಡಿದು 12 ಕಿ.ಮೀ. ಸಾಗಿದರೆ ಒಂದೂವರೆಗೆ 324 ರೂ., ಐವತ್ತಿಗೆ 266 ರೂ. ಹತ್ತಿರದ ಪ್ರಯಾಣದಲ್ಲಿ ‘ಸಿ’ ಭಾರ. ದೂರ ಹೆಚ್ಚಿದಂತೆ ಇಳಿಜಾರೇ ಭಾರ.

ವಿದ್ಯಾರ್ಥಿಗಳು ಎಡವುವುದು ಸಮೀಕರಣ ಹೀಗೆ ಅಚ್ಚುಕಟ್ಟಾಗಿ ಇಲ್ಲದಿದ್ದಾಗ. ಆಟೊದಲ್ಲಿ ಮೂವರು ಹೋಗಿ ಬಾಡಿಗೆಯನ್ನು ಸಮನಾಗಿ ಹಂಚಿಕೊಂಡರು ಎನ್ನಿ. ಒಬ್ಬರ ಪಾಲು ವೈ ಆದರೆ, ಐವತ್ತೂ ಸೇರಿ 3ವೈ = 18ಎಕ್ಸ್ + 50. ಇಲ್ಲಿ ಇಳಿಜಾರು 18 ಎಂದು ಬರೆದರೆ ಅಂಕ ಹೋಯಿತು. ಎಡಭಾಗದಲ್ಲಿ ವೈ ಒಂಟಿಯಾಗಿ ನಿಲ್ಲಬೇಕು. ಎಲ್ಲವನ್ನೂ 3ರಿಂದ ಭಾಗಿಸಿದಾಗ ಎಕ್ಸ್‌ನ ಸಹಗುಣಕ 6 ಆಗುತ್ತದೆ. ಕಿ.ಮೀ. ಒಂದಕ್ಕೆ ತಲಾ 6 ರೂ. ಎಂಬುದೇ ಸರಿಯಾದ ಇಳಿಜಾರು.

ಇನ್ನೊಂದು ಬಗೆ. ಜೇಬಿನಲ್ಲಿ 500 ರೂ. ಇಟ್ಟುಕೊಂಡು ಮೀಟರ್ ದರದಲ್ಲೇ ಹೊರಟವರ ಬಳಿ ಉಳಿಯುವ ಹಣ ವೈ ಆದರೆ, 18ಎಕ್ಸ್ + ವೈ = 500. ಎಕ್ಸ್‌ನ ಪಕ್ಕದಲ್ಲಿ 18 ಕಂಡರೂ, ಅದನ್ನು ಬಲಕ್ಕೆ ಸಾಗಿಸಿದಾಗ ವೈ = −18ಎಕ್ಸ್ + 500. ಇಳಿಜಾರು −18: ಕಿ.ಮೀ.ಗೆ 18 ರೂ.ನಂತೆ ಜೇಬು ಬರಿದಾಗುತ್ತಿದೆ.

ಎಲ್ಲ ಪದಗಳನ್ನೂ ಒಂದೇ ಬದಿಗೆ ತಂದು ಎಎಕ್ಸ್ + ಬಿವೈ + ಸಿ = 0 ಎಂದು ಬರೆದಾಗ ಇಳಿಜಾರು −ಎ/ಬಿ ಎಂಬ ಸೂತ್ರ ಹುಟ್ಟಿದ್ದೂ ಹೀಗೆಯೇ. (ಈ ರೂಪದಲ್ಲಿ ‘ಸಿ’ ವೈ ಅಕ್ಷದ ಮೇಲಿನ ಎತ್ತರವಲ್ಲ.) ಮೂವರ ಲೆಕ್ಕವನ್ನು 18ಎಕ್ಸ್ − 3ವೈ + 50 = 0 ಎಂದು ಬರೆದರೆ −18/−3, ಅಂದರೆ ಮತ್ತೆ 6. ಸೂತ್ರ ಮರೆತರೂ ಚಿಂತೆಯಿಲ್ಲ. ವೈಯನ್ನು ಒಂಟಿಯಾಗಿಸಲು ಬಂದರೆ ಸಾಕು.

ಮೊದಲ 2 ಕಿ.ಮೀ.ಯಲ್ಲಿ ಎಲ್ಲಿ ಇಳಿದರೂ 36 ರೂ. ಕೊಡಲೇಬೇಕು: ವೈ = 36. ಎಕ್ಸ್ ಇಲ್ಲವೇ ಇಲ್ಲ, ಆದ್ದರಿಂದ ಇಳಿಜಾರು ಸೊನ್ನೆ. ರೇಖೆ ನೆಲದಂತೆ ಸಮತಟ್ಟು.

ಇದರ ತದ್ವಿರುದ್ಧ ಸ್ಥಿತಿ ಹೊರ ವರ್ತುಲ ರಸ್ತೆಯಲ್ಲಿ ಓಡಾಡುವವರಿಗೆ ಹೊಸದಲ್ಲ. 5ನೇ ಕಿ.ಮೀ.ಯಲ್ಲಿ ಆಟೊ ವಾಹನಗಳ ನಡುವೆ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ಕಾಯುವಿಕೆಯ ಮೊದಲ 5 ನಿಮಿಷ ಉಚಿತ, ಬಳಿಕ ಪ್ರತಿ 15 ನಿಮಿಷಕ್ಕೆ 10 ರೂ. ದೂರ ಅಲ್ಲೇ ನಿಂತಿದೆ, ಹಣ ಮಾತ್ರ ಏರುತ್ತಿದೆ. ನಕ್ಷೆಯಲ್ಲಿ ಅದು ನೆಟ್ಟಗೆ ಮೇಲೇರುವ ಲಂಬರೇಖೆ; ಸಮೀಕರಣ ಎಕ್ಸ್ = 5. ಇದರಲ್ಲಿ ವೈ ಇಲ್ಲ, ಒಂಟಿಯಾಗಿಸಲು ಸಾಧ್ಯವೂ ಇಲ್ಲ. ಏರಿದ 10ನ್ನು ಸಾಗಿದ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಗಣಿತ ಅದಕ್ಕೆ ಅನುಮತಿ ನೀಡುವುದಿಲ್ಲ. ಇಂಥ ರೇಖೆಗೆ ಇಳಿಜಾರು ಅವ್ಯಾಖ್ಯಿತ.